ಜಪಾನಿನ ತರಬೇತಿ ಊರಿನ ತರಗತಿಯಲ್ಲಿ ಉಳಿಯಬೇಕಾದರೆ

ಬೇರೆ ದೇಶಗಳ ಶಿಕ್ಷಕರಿಗೆಂದೇ ಜಪಾನ್ ಸರ್ಕಾರ 1980ರಿಂದ ವಿದ್ಯಾರ್ಥಿವೇತನ ಕೊಡುತ್ತಿದೆ. ಐದು ವರ್ಷ ಪಾಠ ಮಾಡಿದ ಅನುಭವ ಇರಬೇಕು. ಅಲ್ಲಿರುವುದು ಸುಮಾರು ಒಂದೂವರೆ ವರ್ಷ. ನಾನು ಹೋಗಿಬಂದು ಒಂಬತ್ತು ವರ್ಷವಾಯಿತು. ಈ ಸಲ ಹೊರಟಿರುವ ಗಣಿತದ ಮೇಡಂ ಒಬ್ಬರು, "ಬಂದಮೇಲೆ ಏನು ಉಳಿಯುತ್ತೆ ಮೇಡಂ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಕಲಿತದ್ದನ್ನೆಲ್ಲ ಹೊತ್ತು ತರಬೇಡಿ, ಒಂದು ಅಭ್ಯಾಸ ತನ್ನಿ. ನಾನು ತಂದದ್ದು 'ಬನ್ಶೋ', ಅಂದರೆ ಹಲಗೆ ಬಳಸುವ ಕ್ರಮ. ಅಲ್ಲಿ ಪಿರಿಯಡ್ ಮುಗಿಯುವವರೆಗೂ ಹಲಗೆ ಒರೆಸುವುದಿಲ್ಲ. ಹಿಂದಿನ ಸಂಜೆಯೇ ಹಲಗೆಯ ನಕ್ಷೆಯಾಗಿ ಒಂದು ಹಾಳೆಯನ್ನು ಮೂರಾಗಿ ಮಡಿಸಿ: ಎಡಕ್ಕೆ ಲೆಕ್ಕ, ನಡುವೆ ಮಕ್ಕಳು ಕೊಡಬಹುದಾದ ಉತ್ತರಗಳು, ಬಲಕ್ಕೆ ಕೊನೆಗೆ ಸಿಗಬೇಕಾದ ಮಾತು. ತಪ್ಪು ಉತ್ತರಕ್ಕೂ ಜಾಗ ಬಿಡಿ, ಜೀವ ಇರುವುದೇ ಅಲ್ಲಿ. ಎಂಟನೇ ತರಗತಿಯಲ್ಲಿ 1/2 + 1/3 ಕೊಟ್ಟಾಗ ಹುಡುಗನೊಬ್ಬ 2/5 ಎಂದ. ಬರೆದು ಹಾಗೇ ಬಿಟ್ಟೆ. ಐದು ನಿಮಿಷ ಕಳೆದಿರಬೇಕು, ಹಿಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ಅರ್ಧಕ್ಕೆ ಇನ್ನೊಂಚೂರು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತು?" ಅಂದಳು. ಒರೆಸಿಬಿಟ್ಟಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಎರಡನೆಯದು, ಜೊತೆಗೊಬ್ಬರು ಬೇಕು. ಮೊದಲ ವರ್ಷ ನಾನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಪಿಪಿಟಿ ಹಾಕಿ ವಿವರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೂ ಮಾಡಿ ನೋಡಲಿಲ್ಲ. ಜಪಾನಿನಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಸಿದ್ಧಪಡಿಸುತ್ತಾರೆ. ಒಬ್ಬರು ಪಾಠ ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಚರ್ಚಿಸುತ್ತಾರೆ. 'ಜುಗ್ಯೋ ಕೆನ್ಕ್ಯೂ' ಅಂದರೆ ಇದೇ. ನಮ್ಮಲ್ಲಿ ಅಷ್ಟು ಜನ ಸಿಗಲಿಕ್ಕಿಲ್ಲ, ಒಬ್ಬರು ಸಾಕು. ತಿಂಗಳಿಗೊಂದು ಪಿರಿಯಡ್ ಹೊಂದಿಸಿಕೊಡಿ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ನಾನು ವಿಜ್ಞಾನದ ಮೇಷ್ಟ್ರನ್ನು ಕರೆದು, "ನನ್ನನ್ನ ನೋಡಬೇಡಿ ಸರ್, ಎರಡನೇ ಬೆಂಚಿನ ಮೂವರನ್ನೇ ನೋಡಿ" ಎಂದೆ. ಅವರಲ್ಲೊಬ್ಬಳು ಇಪ್ಪತ್ತು ನಿಮಿಷ ಪೆನ್ನಿನ ಕ್ಯಾಪನ್ನೇ ತೆಗೆದಿರಲಿಲ್ಲವಂತೆ. ಅವಳು ಲೆಕ್ಕ ಮಾಡುತ್ತಿದ್ದಾಳೆ ಎಂದೇ ನಾನು ನಂಬಿದ್ದೆ. ಮರುದಿನದಿಂದ ಪಾಠ ಶುರುವಾಗುವುದೇ ಆ ಬೆಂಚಿನಿಂದ ಆಯಿತು.

ಮಡಿಸಿದ ಹಾಳೆಗಳನ್ನು ತಾರೀಖು ಹಾಕಿ ಫೈಲ್ ಮಾಡಿ. ವರ್ಗಾವಣೆಯಾದರೆ ಆ ಫೈಲು ಶಾಲೆಯಲ್ಲೇ ಇರಲಿ. ನನ್ನದನ್ನು ಮೇಷ್ಟ್ರ ಕೈಗೆ ಕೊಟ್ಟು ಬಂದೆ. ಅವರು ಈಗಲೂ ತಮ್ಮ ಹಲಗೆಯ ಫೋಟೊ ಕಳಿಸುತ್ತಾರೆ. ಹೋದ ವಾರ ಬಂದದ್ದು ದ್ಯುತಿಸಂಶ್ಲೇಷಣೆಯ ಪಾಠದ್ದು: ನಡುಭಾಗದಲ್ಲಿ ನಾಲ್ಕು ತಪ್ಪು ಉತ್ತರ, ಒಂದನ್ನೂ ಒರೆಸಿರಲಿಲ್ಲ.