ಕಾರು ಗೇಟಿನ ಹತ್ತಿರ ಇರಲಿ, ಹೊಳೆಗೆ ನಡೆದೇ ಹೋಗುವ

ಟಿಟ್ಟಿಭ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಪದವಿನ, ಅಂದರೆ ನಮ್ಮ ಕಡೆಯ ಬೋಳು ಗುಡ್ಡದ, ಬರಿನೆಲದಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಅದೇ ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಮಾರು ದೂರದಲ್ಲಿ ನಿಂತವರ ಕಣ್ಣಿಗೂ ಬೀಳುವುದಿಲ್ಲ. ಕಾರಿನೊಳಗೆ ಕೂತವರಿಗೆ ಕಾಣುವ ಮಾತೇ ಇಲ್ಲ.

ಎಂಟು ವರ್ಷದ ಹಿಂದೆ, ಏಪ್ರಿಲ್ ರಜೆಯಲ್ಲಿ, ಬೆಂಗಳೂರಿನಿಂದ ನನ್ನ ಅಕ್ಕನ ಮಗ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ. ಹನ್ನೊಂದು ಜನ, ಮೂರು ಕಾರು. ಸೂರ್ಯಾಸ್ತ ತೋರಿಸಲಿಕ್ಕೆ ಅವರನ್ನು ನಮ್ಮ ಮನೆಯ ಮೇಲಿನ ಪದವಿಗೆ ಕರೆದುಕೊಂಡು ಹೋದವಳು ನಾನೇ. "ಚಿಕ್ಕಮ್ಮಾ, ಕಾರು ಮೇಲಿನವರೆಗೆ ಹೋಗ್ತದಾ?" ಎಂದು ಕೇಳಿದ. ಹೋಗ್ತದೆ ಅಂದೆ. ಸ್ಪೀಕರಿನಲ್ಲಿ ಹಾಡು ಹಾಕಿದರು, ಫೋಟೋ ತೆಗೆದರು, ಕತ್ತಲಾಗುವವರೆಗೂ ಕೂತರು. ಅಷ್ಟು ಹೊತ್ತೂ ಎರಡು ಟಿಟ್ಟಿಭ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಲೇ ಇದ್ದವು. ಎಂತಕ್ಕೆ ಕೂಗುತ್ತವೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು, ನಾನು ಈ ಊರಿನವಳು. ಮರುದಿನ ಬೆಳಗ್ಗೆ ಅವರು ಬಿಟ್ಟುಹೋದ ಬಾಟಲಿ ಹೆಕ್ಕಲಿಕ್ಕೆ ಹೋದಾಗ ಟಯರಿನ ಅಚ್ಚಿನೊಳಗೆ ಎರಡು ಮೊಟ್ಟೆ ಒಡೆದು ಅಂಟಿಕೊಂಡಿದ್ದವು. ಇರುವೆ ಮುತ್ತಿತ್ತು. ಅಲ್ಲೇ ಪಕ್ಕದಲ್ಲಿ ಇನ್ನೊಂದು ಮೊಟ್ಟೆ ಹಾಗೆಯೇ ಇತ್ತು. ಹಕ್ಕಿ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ಆ ದಿನ ಕೂಗಲೂ ಇಲ್ಲ.

ಅಲ್ಲಿಂದ ಈಚೆಗೆ ನಮ್ಮ ಮನೆಗೆ ವಾರಾಂತ್ಯಕ್ಕೆ ಬರುವವರನ್ನು ಬೇರೆಯೇ ರೀತಿಯಲ್ಲಿ ನಡೆಸಿಕೊಂಡು ಬಂದಿದ್ದೇನೆ. ನನಗೆ ಇದು ವ್ಯಾಪಾರವಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಬರುವವರು ನೆಂಟರು, ಗೆಳತಿಯರು, ಗೆಳತಿಯರ ಗೆಳತಿಯರು. ನಮ್ಮದು ಸಣ್ಣ ಪೇಟೆ. ಒಂದು ಕಡೆ ಹೊಳೆ ಮತ್ತು ಹಿನ್ನೀರು, ಒಂದು ಕಡೆ ಕೊಯಿಪ್ಪಾಡಿಯ ಕಡಲು, ಬೆನ್ನಿಗೆ ಮುರಕಲ್ಲಿನ ಪದವು. ಇಷ್ಟು ಹತ್ತಿರ ಹತ್ತಿರ ಇಷ್ಟೆಲ್ಲ ಇರುವ ಊರಿನಲ್ಲಿ ಕಾರು ಹತ್ತಿ ಇಳಿಯುವುದೇ ಸಮಯ ಹಾಳು.

ಮೊದಲ ಶರ್ತ ರೈಲು. ಮಂಗಳೂರು ಸೆಂಟ್ರಲಿನಿಂದ ಕಣ್ಣೂರು ಕಡೆಯ ಪ್ಯಾಸೆಂಜರ್ ಹತ್ತಿದರೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲ, ಮಂಜೇಶ್ವರ, ಉಪ್ಪಳ, ಆಮೇಲೆ ಕುಂಬಳೆ. ದಾರಿಯುದ್ದಕ್ಕೂ ಒಂದಾದ ಮೇಲೆ ಒಂದು ಹೊಳೆ ಸಿಗುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ನದಿಗಳಿವೆ. ಬಾಗಿಲ ಪಕ್ಕದ ಸೀಟು ಹಿಡಿಯಿರಿ ಎಂದು ಬರುವವರಿಗೆ ಮೊದಲೇ ಹೇಳಿಡುತ್ತೇನೆ. ಕಾರಿನಲ್ಲೇ ಬಂದವರ ಕಾರು ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ನಮ್ಮ ಗೇಟಿನೊಳಗೆ. ಒಂದು ಸಲಕ್ಕೆ ಐದು ಜನಕ್ಕಿಂತ ಹೆಚ್ಚಿಲ್ಲ. ಎಂಟು ಜನರನ್ನೂ ಕರೆದು ನೋಡಿದ್ದೇನೆ. ಎಂಟಾದ ಕೂಡಲೇ ಎರಡು ಗುಂಪಾಗಿ ಮಾತು ಏರುತ್ತದೆ, ಹಕ್ಕಿ ಹಾರಿಹೋಗುತ್ತದೆ.

ಎರಡನೆಯದು ಹೊಳೆಯ ಹೊತ್ತು ನೋಡಿಕೊಳ್ಳುವುದು. ನಾನು ಹೆಚ್ಚು ಕಲಿತದ್ದು ಇಲ್ಲೇ. ಪೇಟೆಯಿಂದ ಬಂದವರು "ಸಂಜೆ ಐದಕ್ಕೆ ಹೊಳೆಗೆ ಹೋಗುವ" ಎನ್ನುತ್ತಾರೆ. ಐದಕ್ಕೆ ಹೊಳೆ ಹೇಗಿರುತ್ತದೆ ಎಂದು ಹೊಳೆಯನ್ನೇ ಕೇಳಬೇಕು. ಅಳಿವೆ ಹತ್ತಿರವಾದ್ದರಿಂದ ಕಡಲಿನ ಉಬ್ಬರ ಇಳಿತ ನಮ್ಮ ಹಿನ್ನೀರಿಗೂ ಬರುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಆರು ಗಂಟೆ. ಅಂದರೆ ಈ ಶನಿವಾರ ಐದಕ್ಕೆ ನೀರು ಪೂರ್ತಿ ಇಳಿದಿದ್ದರೆ ಮುಂದಿನ ಶನಿವಾರ ಐದಕ್ಕೆ ದಡ ತುಂಬಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರುವುದೂ ಜೋರು, ಇಳಿಯುವುದೂ ಜೋರು. ಈ ಲೆಕ್ಕ ಗೊತ್ತಾದ ಮೇಲೆ ನಾನು ಜನರಿಗೆ ಬನ್ನಿ ಎನ್ನುವ ಮೊದಲು ಪಂಚಾಂಗ ನೋಡುತ್ತೇನೆ. ಇಳಿತದ ಸಂಜೆಯಾದರೆ ದಡದಲ್ಲಿ ನಡೆಯುವುದು. ಉಬ್ಬರದ ಸಂಜೆಯಾದರೆ ಕಟ್ಟೆಯ ಮೇಲೆ ಸುಮ್ಮನೆ ಕೂರುವುದು, ಗರುಡ ನೀರಿನ ಮೇಲೆ ಸುತ್ತುವುದನ್ನು ನೋಡುವುದು. ಎರಡೂ ಒಳ್ಳೆಯದೇ, ಆದರೆ ಯಾವುದು ಯಾವಾಗ ಎಂದು ತಿಳಿದಿರಬೇಕು.

ಇಳಿತದ ಹೊತ್ತಿಗೆ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಉಸಿರುಬೇರುಗಳು ಕಾಣುತ್ತವೆ. ಕೆಸರಿನೊಳಗಿಂದ ಪೆನ್ಸಿಲ್ ನೆಟ್ಟ ಹಾಗೆ ನೂರಾರು. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಗಿಡ ಅವುಗಳಿಂದಲೇ ಉಸಿರಾಡುವುದು. ಅದರ ಮೇಲೆ ಕಾಲಿಟ್ಟರೆ ಮುರಿಯುತ್ತದೆ. ಹಾಗಾಗಿ ನಾವು ಕೆಸರಿಗೆ ಇಳಿಯುವುದಿಲ್ಲ, ಹೊಯಿಗೆಯ, ಅಂದರೆ ಮರಳಿನ, ಅಂಚಿನಲ್ಲೇ ನಡೆಯುತ್ತೇವೆ. ಕೈಗೆ ಸಿಗುವಷ್ಟು ಹತ್ತಿರ ಉಪ್ಪಟ್ಟಿ ಗಿಡ ಇದ್ದರೆ ಎಲೆ ಕೀಳದೆ, ಬಗ್ಗಿಸಿ, ಬೆರಳಲ್ಲಿ ಉಜ್ಜಿ ಬೆರಳನ್ನು ನಾಲಿಗೆಗೆ ಇಟ್ಟುಕೊಳ್ಳಲಿಕ್ಕೆ ಹೇಳುತ್ತೇನೆ. ಉಪ್ಪು! ಬೇರು ಹೀರಿಕೊಂಡ ಉಪ್ಪುನೀರಿನ ಉಪ್ಪನ್ನು ಗಿಡ ಎಲೆಯಿಂದ ಹೊರಹಾಕುತ್ತದೆ. ಬೇಸಗೆಯ ಮಧ್ಯಾಹ್ನದಲ್ಲಿ ಎಲೆಯ ಮೇಲೆ ಹರಳು ಹರಳಾಗಿ ಕಾಣುವುದೂ ಉಂಟು. ಒಮ್ಮೆ ಆರು ವರ್ಷದ ಹುಡುಗನೊಬ್ಬ ಒಂದೊಂದೇ ಎಲೆ ಮುಟ್ಟಿ ನೆಕ್ಕಿ, "ಇದಕ್ಕೆ ಹೆಚ್ಚು, ಇದಕ್ಕೆ ಕಡಿಮೆ" ಎಂದು ಅರ್ಧ ಗಂಟೆ ಕಳೆದ. ಅವನ ಅಮ್ಮನಿಗೆ ಬೋಟಿಂಗ್ ಇಲ್ಲವೆಂದು ಬೇಸರವಿತ್ತು. ಹುಡುಗನಿಗೆ ಅದರ ನೆನಪೇ ಬರಲಿಲ್ಲ.

ಅದೇ ಹೊತ್ತಿಗೆ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರು ಸೊಂಟದ ನೀರಿನಲ್ಲಿ ಇರುತ್ತಾರೆ. ಅವರು ನೋಡಿ ಹೆಕ್ಕುವುದಲ್ಲ, ಕಾಲಿನಿಂದ ಹುಡುಕುವುದು. ಹೊಯಿಗೆಯಲ್ಲಿ ಹೆಬ್ಬೆರಳು ಆಡಿಸುತ್ತ ಹೋಗುತ್ತಾರೆ, ಚಿಪ್ಪು ತಾಗಿತು ಅಂದರೆ ಮುಳುಗಿ ಎತ್ತುತ್ತಾರೆ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಯಲ್ಲಿ ತೇಲುವ ಬುಟ್ಟಿ ಅಥವಾ ಅಲ್ಯೂಮಿನಿಯಂ ಪಾತ್ರೆ. ನಮ್ಮ ಕಡೆಯ ಒಬ್ಬ ಅಕ್ಕ ನನ್ನನ್ನು ಕಂಡರೆ ನೀರಿನಿಂದಲೇ "ಎಂಚ ಉಲ್ಲರ್ ಟೀಚರೇ?" ಎಂದು ತುಳುವಿನಲ್ಲಿ ವಿಚಾರಿಸುತ್ತಾರೆ. ಒಂದು ದಿನ ನಾನು ಕರೆತಂದ ಹುಡುಗಿಯರು ತಾವೂ ಹೆಕ್ಕುತ್ತೇವೆ ಎಂದು ಇಳಿಯಹೊರಟಾಗ ಅವರೇ ಬೇಡವೆಂದರು. ನಾಲ್ಕು ಜನ ಆಟಕ್ಕೆ ಹೊಯಿಗೆ ಕಲಡಿದರೆ ಮರಿಗಳು ಮೇಲೆ ಬಂದುಬಿಡುತ್ತವೆ, ನಾಳೆಗೆ ನಮಗೇನು ಉಳಿಯಿತು ಎಂದು ಕೇಳಿದರು. ಅವರ ಬುಟ್ಟಿ ನೋಡಿದರೆ ಸಣ್ಣದು ಒಂದೂ ಇರುವುದಿಲ್ಲ, ಅಲ್ಲಲ್ಲೇ ವಾಪಸು ಬಿಟ್ಟಿರುತ್ತಾರೆ. ಆ ದಿನದಿಂದ ನಮ್ಮ ಮನೆಯ ಕ್ರಮ ಇದು: ಇಳಿಯುವುದಿಲ್ಲ. ದಡದಲ್ಲಿ ನೋಡುತ್ತೇವೆ, ಮೀನು ತಿನ್ನುವವರು ಅವರಿಂದಲೇ ಚೌಕಾಸಿ ಮಾಡದೆ ಕೊಂಡುಕೊಳ್ಳುತ್ತಾರೆ.

ಹೊಳೆಯಾಚೆ ಆರಿಕ್ಕಾಡಿ ಕೋಟೆ ಇದೆ. ಹಗಲು ಹೊತ್ತಿನಲ್ಲಿ ಸೇತುವೆ ದಾಟಿ ನಡೆದೇ ಹೋಗಬಹುದು. ಆದರೆ ಹೆದ್ದಾರಿಯ ವಾಹನಗಳ ನಡುವೆ ಮಕ್ಕಳನ್ನು ಕರೆದುಕೊಂಡು ಹೋಗುವುದು ನನಗೆ ಧೈರ್ಯ ಬರುವುದಿಲ್ಲ. ದೊಡ್ಡವರಿದ್ದರೆ ಮಾತ್ರ.

ಊಟದ್ದು ಸುಲಭ. ರಾತ್ರಿ ಕುಚ್ಚಲಕ್ಕಿ ಗಂಜಿ, ಬಸಳೆ, ಹಲಸಿನ ಹಪ್ಪಳ. ಬೆಳಗ್ಗೆ ನೀರುದೋಸೆ. ಕುಡಿಯಲಿಕ್ಕೆ ಪುನರ್ಪುಳಿ ಶರಬತ್ತು. ಹೊರಗೆ ತಿನ್ನುವುದಿದ್ದರೆ ಅಡಿಕೆ ಹಾಳೆಯ ತಟ್ಟೆ, ಬಾಳೆಲೆ. ಕಷ್ಟ ಇರುವುದು ಅವರು ಬ್ಯಾಗಿನಲ್ಲಿ ತರುವ ಪೊಟ್ಟಣಗಳದ್ದು. ನಮ್ಮ ಪಂಚಾಯತಿನಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ತಿಂಗಳಿಗೆ 50 ರೂಪಾಯಿ. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಕೊಡಬೇಕು. ಈ ತೊಳೆಯುವ ಕೆಲಸ ನಾನು ಮಾಡುವುದಿಲ್ಲ, ತಂದವರೇ ಮಾಡಬೇಕು. ಭಾನುವಾರ ಬೆಳಗ್ಗೆ ನಮ್ಮ ಬಟ್ಟೆ ಹಗ್ಗದಲ್ಲಿ ಚಿಪ್ಸಿನ ಪೊಟ್ಟಣ, ಬಿಸ್ಕಿಟಿನ ಕವರ್, ಶ್ಯಾಂಪೂ ಸ್ಯಾಶೆ ಕ್ಲಿಪ್ ಹಾಕಿಸಿಕೊಂಡು ಸಾಲಾಗಿ ತೂಗುತ್ತಿರುತ್ತವೆ. ಒಂದೂವರೆ ದಿನದಲ್ಲಿ ನಾವು ಐದು ಜನ ಇಷ್ಟು ಮಾಡಿದೆವಾ ಎಂದು ಒಬ್ಬಳು ಹಗ್ಗದ ಮುಂದೆ ನಿಂತು ಎಣಿಸಿದಳು. ಇಪ್ಪತ್ತಮೂರು. ಎರಡನೆಯ ಸಲ ಬಂದಾಗ ಸ್ಟೀಲಿನ ಡಬ್ಬದಲ್ಲಿ ಚಕ್ಕುಲಿ ಮಾಡಿಕೊಂಡು ಬಂದಿದ್ದಳು.

ರಾತ್ರಿಗೆ ಆಟ, ಅಂದರೆ ಯಕ್ಷಗಾನ. ನವೆಂಬರಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಎಲ್ಲಾದರೂ ಗದ್ದೆಯಲ್ಲಿ ಹರಕೆಯ ಬಯಲಾಟ ಇದ್ದೇ ಇರುತ್ತದೆ. ಯಕ್ಷಗಾನದ ಪಿತಾಮಹನೆಂದು ಕರೆಸಿಕೊಂಡ ಪಾರ್ತಿಸುಬ್ಬನ ಊರು ಇದು. ಇಲ್ಲಿಗೆ ಬಂದು ಆಟ ನೋಡದೆ ಮೊಬೈಲ್ ನೋಡಿ ಮಲಗುವುದನ್ನು ನಾನು ಒಪ್ಪುವುದಿಲ್ಲ. ಚಾಪೆ ಹಿಡಿದುಕೊಂಡು ಟಾರ್ಚ್ ಬೆಳಕಿನಲ್ಲಿ ನಡೆದು ಹೋಗುತ್ತೇವೆ. ಆದಷ್ಟು ಬೇಗ ಹೋಗಿ, ಕಲಾವಿದರ ಒಪ್ಪಿಗೆ ಕೇಳಿ, ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕೂರುತ್ತೇವೆ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದನ್ನು ನೋಡಬೇಕು. ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು ಎಬ್ಬಿಸುತ್ತಾರೆ, ಒಣಗಲಿಕ್ಕೆ ಕಾಯುತ್ತಾರೆ, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆಯ ಕೆಲಸ. ಕನ್ನಡಿ ಹಿಡಿದು ಕೂತ ಮನುಷ್ಯ ನಮ್ಮ ಕಣ್ಣೆದುರೇ ಇಲ್ಲವಾಗಿ ರಕ್ಕಸನೊಬ್ಬ ಏಳುತ್ತಾನೆ. ಫ್ಲ್ಯಾಶ್ ಹಾಕಬಾರದು, ಮಾತಾಡಿಸಬಾರದು. ಮಳೆಗಾಲದಲ್ಲಿ ಆಟ ಇಲ್ಲ, ಆಗ ತಾಳಮದ್ದಳೆ. ಅದಕ್ಕೆ ವೇಷವೂ ಬೇಡ, ರಂಗಸ್ಥಳವೂ ಬೇಡ. ಚೆಂಡೆ, ಮದ್ದಳೆ, ಭಾಗವತರ ಸ್ವರ, ಕೂತಲ್ಲೇ ಅರ್ಥ ಹೇಳುವವರು. ಹೊರಗೆ ಧೋ ಎಂದು ಸುರಿಯುವ ಮಳೆ ಇದ್ದರೆ ಬೇರೆ ಸೌಂಡ್ ಸಿಸ್ಟಮ್ ಯಾರಿಗೆ ಬೇಕು!

ಆಟವಿಲ್ಲದ ವಾರವಾದರೆ ಭಾನುವಾರ ಮುಂಜಾನೆ ಪದವು, ಅಲ್ಲಿಂದ ಅನಂತಪುರ. ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪಿನ ಹತ್ತಿರ ತಿರುಗಿ ಹತ್ತಬೇಕು. ಪೇಟೆಯಿಂದ ನಡೆದರೆ ಒಂದೂವರೆ ಗಂಟೆ. ಕೆರೆಯ ನಡುವಿನ ದೇವಸ್ಥಾನ, ತಿರುವನಂತಪುರದ ಪದ್ಮನಾಭನಿಗೆ ಮೂಲಸ್ಥಾನ ಎಂಬ ನಂಬಿಕೆ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಮೊಸಳೆ ಕಾಣಲೇಬೇಕು ಎಂದು ಕಲ್ಲು ಎಸೆಯುವವರನ್ನೂ ಚಪ್ಪಾಳೆ ತಟ್ಟುವವರನ್ನೂ ಕಂಡಿದ್ದೇನೆ, ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಾವು ದರ್ಶನ ಮಾಡಿ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತೇವೆ.

ಆದರೆ ನನಗೆ ಅನಂತಪುರಕ್ಕಿಂತ ಅದರ ದಾರಿಯ ಪದವೇ ಹೆಚ್ಚು ಪ್ರಿಯ. ಬೇಸಗೆಯಲ್ಲಿ ಕಾದ ಹೆಂಚಿನ ಹಾಗಿರುವ ಮುರಕಲ್ಲು ಮಳೆ ಕಳೆದು ಓಣಂ ಹೊತ್ತಿಗೆ ನೀಲಿಯಾಗುತ್ತದೆ. ಮಲಯಾಳದವರು ಕಾಕ್ಕಪ್ಪೂ ಎನ್ನುವ ಹೂ, ಗೇಣುದ್ದವೂ ಇಲ್ಲದ ದಂಟಿನ ಮೇಲೆ ಕಡುನೀಲಿ. ಅದರ ಬುಡದಲ್ಲಿ, ಒದ್ದೆ ಮಣ್ಣಿನ ಒಳಗೆ, ಕಣ್ಣಿಗೆ ಸುಲಭಕ್ಕೆ ಕಾಣದ ಪುಟ್ಟ ಪುಟ್ಟ ಚೀಲಗಳಿವೆ. ನೀರಿನ ಸಣ್ಣ ಜೀವಿಗಳು ಮುಟ್ಟಿದರೆ ಸಾಕು, ಚೀಲ ತೆರೆದು ಒಳಗೆಳೆದುಕೊಂಡು ಜೀರ್ಣಿಸುತ್ತದೆ. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರವಿಲ್ಲ, ಗಿಡ ತನ್ನ ಊಟ ಹೀಗೆ ಸಂಪಾದಿಸಿಕೊಳ್ಳುತ್ತದೆ. ಆ ಮಣ್ಣು ಒಂದು ಬೆರಳು ದಪ್ಪ ಇದ್ದರೆ ಹೆಚ್ಚು. ಒಂದು ಚಪ್ಪಲಿಯ ಹೆಜ್ಜೆ ಬಿದ್ದರೆ ಎದ್ದು ಬರುತ್ತದೆ. ಆದ್ದರಿಂದ ಪದವಿನಲ್ಲಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು, ಬರಿಕಲ್ಲಿನ ಮೇಲೆ ಮಾತ್ರ ಕಾಲಿಡುತ್ತ ಬರಬೇಕು. ಮುಂದೆ ನಾನು. ಹೂ ನೋಡಬೇಕೆಂದರೆ ಕಲ್ಲಿನ ಮೇಲೆ ಹೊಟ್ಟೆ ಅಡಿಮಾಡಿ ಮಲಗಿ ನೋಡುವುದು.

ಕಾಸರಗೋಡು ಜಿಲ್ಲೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಿದೆ. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು, ಪ್ರಾಣಿ ಚಂದ್ರಗಿರಿ ಹೊಳೆಯಲ್ಲಿ ಬದುಕಿ ಉಳಿದಿರುವ ಮೆತ್ತನೆ ಚಿಪ್ಪಿನ ದೈತ್ಯ ಆಮೆ. ಕಡಲಹದ್ದು ಅಳಿವೆಯ ಕಡೆ ಒಮ್ಮೊಮ್ಮೆ ಕಾಣಸಿಗುತ್ತದೆ. ನನ್ನ ಕೈಯಲ್ಲಿ ಇದ್ದಿದ್ದರೆ ಪದವಿನ ಟಿಟ್ಟಿಭವನ್ನೂ ಆ ಪಟ್ಟಿಗೆ ಸೇರಿಸುತ್ತಿದ್ದೆ.

ಎಲ್ಲರಿಗೂ ಇದು ಹಿಡಿಸಿದೆ ಎಂದೇನಿಲ್ಲ. ಒಂದು ಕುಟುಂಬ ಶನಿವಾರ ರಾತ್ರಿಯೇ ಕಾರು ತೆಗೆದುಕೊಂಡು ಬೇಕಲಕ್ಕೆ ಹೋಯಿತು. ನಾನು ತಡೆಯಲಿಲ್ಲ. ಸೈಕಲ್ ತರಿಸಿ ನೋಡಿದೆ, ನಮ್ಮ ಏರು ಇಳಿತಕ್ಕೆ ಅದು ಆಗಿಬರಲಿಲ್ಲ. ರಾತ್ರಿ ಆಟದಿಂದ ಬಂದವರನ್ನು ಐದು ಗಂಟೆಗೆ ಎಬ್ಬಿಸಿ ಪದವಿಗೆ ಕರೆದುಕೊಂಡು ಹೋದದ್ದೂ ನನ್ನ ತಪ್ಪೇ. ನಿದ್ದೆಗಣ್ಣಿನಲ್ಲಿ ಯಾರಿಗೂ ಯಾವುದೂ ಕಾಣಲಿಲ್ಲ. ಈಗ ಆಟವಿದ್ದ ವಾರ ಪದವಿಲ್ಲ, ಪದವಿದ್ದ ವಾರ ಆಟವಿಲ್ಲ.

ಮಾರ್ಚಿನಿಂದ ಮಳೆ ಹಿಡಿಯುವವರೆಗೆ ನಾನು ಯಾರನ್ನೂ ಪದವಿಗೆ ಕರೆದುಕೊಂಡು ಹೋಗುವುದಿಲ್ಲ. ಈ ಏಪ್ರಿಲಿನಲ್ಲಿ ಅಕ್ಕನ ಮಗ ಫೋನ್ ಮಾಡಿ, "ಚಿಕ್ಕಮ್ಮಾ, ಮಗಳಿಗೆ ಆ ಸೂರ್ಯಾಸ್ತ ತೋರಿಸಬೇಕಿತ್ತು" ಅಂದ. ಮೊಟ್ಟೆಯ ಸಂಗತಿ ಅವನಿಗೆ ನಾನು ಅಷ್ಟು ವರ್ಷ ಹೇಳಿರಲಿಲ್ಲ, ಆ ದಿನ ಹೇಳಿದೆ. ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ. ಆಮೇಲೆ, "ಹಾಗಾದರೆ ಯಾವಾಗ ಬರಲಿ?" ಎಂದು ಕೇಳಿದ. ಓಣಂ ಕಳೆದ ಮೇಲೆ ಬಾ ಅಂದೆ. ಬಂದರು, ಪ್ಯಾಸೆಂಜರಿನಲ್ಲೇ. ಮಗಳು ಕಲ್ಲಿನ ಮೇಲೆ ಮಲಗಿ ನೀಲಿ ಹೂವಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. ದೂರದಲ್ಲಿ ಟಿಟ್ಟಿಭ ಕೂಗಿತು. "ಅಜ್ಜೀ, ನಾವು ಹತ್ತಿರ ಬಂದೆವಾ?" ಎಂದು ಪಿಸುಗುಟ್ಟಿದಳು. ಇಲ್ಲ, ಅದು ಬೇರೆಯವರಿಗೆ ಕೂಗಿದ್ದು ಎಂದೆ. ಆದರೂ ಅವಳೇ ಎದ್ದು, ಬಂದ ಕಲ್ಲಿನ ಮೇಲೆಯೇ ಹೆಜ್ಜೆ ಹಿಡಿದು ಹಿಂದೆ ನಡೆದಳು.