ಚಿಕ್ಕಮಗಳೂರಿನ ಮಳೆಯಲ್ಲಿ ಬ್ಯಾಲೆಗೊಂದು ನೆಲ: ನನ್ನ ಅನುಭವ

ಬೆಂಗಳೂರಿನ ತಂಡದ ಸಂಬಳ ಬಿಟ್ಟು ಚಿಕ್ಕಮಗಳೂರಿನಲ್ಲಿದ್ದುಕೊಂಡೇ ಪ್ರದರ್ಶನಗಳಿಗೆ ಹೋಗಿಬರುತ್ತೇನೆಂದಾಗ, ವರ್ಷದೊಳಗೆ ನನ್ನ ನೃತ್ಯ ಮುಗಿಯುತ್ತದೆಂದು ಸಹನರ್ತಕರು ಹೇಳಿದ್ದರು. ಆರೇಳು ವರ್ಷಗಳಾದವು, ಮೂವತ್ತೆಂಟರಲ್ಲೂ ನಾನು ಪಾಯಿಂಟ್ ಶೂ (ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ತೊಡುವ ಬ್ಯಾಲೆ ಶೂ) ಕಟ್ಟಿ ವೇದಿಕೆಯಲ್ಲಿದ್ದೇನೆ, ಮೊಣಕಾಲು ನೋಯುತ್ತಿಲ್ಲ. ಇದಕ್ಕೆ ಕಾರಣ ಸೋದರಮಾವನ ಹಳೆಯ ಕಾಫಿ ಗೋದಾಮಿನಲ್ಲಿ, ಜಿಗಿತದ ಪೆಟ್ಟು ಹೀರುವಂತೆ ನಾನು ಮಾಡಿಸಿದ ನೆಲ.

ಮೊದಲು ಸಿಮೆಂಟಿನ ಮೇಲೆ ತೆಂಗಿನ ನಾರಿನ ಹಾಸು ಹರಡಿ ಪ್ಲೈವುಡ್ ಹೊದಿಸಿದೆವು. ಜುಲೈ ಹೊತ್ತಿಗೆ ನಾರು ತೇವ ಹೀರಿ, ಬೂಸ್ಟು ಹಿಡಿದು, ಅಲ್ಲಲ್ಲಿ ಕುಸಿಯಿತು. 1984ರಿಂದ 2004ರವರೆಗೆ ಜರ್ಮನಿಯ ಫ್ರಾಂಕ್‌ಫರ್ಟ್ ಬ್ಯಾಲೆ ತಂಡವನ್ನು ನಡೆಸಿದ ನೃತ್ಯ ಸಂಯೋಜಕ ವಿಲಿಯಂ ಫೋರ್ಸೈತ್ ಅವರ ಶೈಲಿಯಲ್ಲಿ, ಸಮತೋಲ ತಪ್ಪುವ ಅಂಚಿನವರೆಗೂ ವಾಲುವವರಿಗೆ ಅಂಥ ಒಂದು ಮೆತ್ತನೆಯ ಜಾಗ ಸಾಕು, ಕಾಲಿನ ಹರಡು ಉಳುಕಲು. ಹದಿನೈದು ಸಾವಿರದಷ್ಟು ಹಣ ಹೋಯಿತು. ಎರಡನೆಯ ಸಲ, ಒಣಗಿದ್ದೆಂದು ಹೇಳಿ ಮಾರಿದ ಸಿಲ್ವರ್ ಓಕ್ ರೀಪುಗಳು ಮೊದಲ ಮಳೆಗಾಲದಲ್ಲೇ ತಿರುಚಿಕೊಂಡು ನಲವತ್ತು ಸಾವಿರ ನುಂಗಿದವು.

ಮೂರನೆಯ ಸಲ ಮರವನ್ನು ನಾನೇ ಕೊಂಡು, ನಡುವೆ ಗಾಳಿಯಾಡುವಂತೆ ಅಟ್ಟಿಯಿಟ್ಟು, ಒಂದು ಮಳೆಗಾಲ ಕಳೆದು ಮುಂದಿನ ಬೇಸಗೆಯವರೆಗೂ ನೆರಳಿನಲ್ಲಿ ಒಣಗಿಸಿದೆ. "ಮೇಡಂ, ನೆಲ ಅಂದ್ರೆ ಗಟ್ಟಿ ಇರ್ಬೇಕು, ನೀವು ಅಲ್ಲಾಡೋದು ಕೇಳ್ತಿದ್ದೀರಲ್ಲ" ಎಂದು ಬಡಗಿ ತಕರಾರು ತೆಗೆದರು. ರೀಪುಗಳನ್ನು ಅಡ್ಡ, ಉದ್ದ, ಮತ್ತೆ ಅಡ್ಡ ಮೂರು ಪದರವಾಗಿ ಜೋಡಿಸಿ, ಮೇಲಿನ ಆಸರೆ ಕೆಳಗಿನ ಎರಡು ಆಸರೆಗಳ ನಡುವಿನ ಖಾಲಿ ಜಾಗಕ್ಕೆ ಬರುವಂತೆ ನೋಡಿಕೊಂಡೆವು. ತಳದಲ್ಲಿ ರಬ್ಬರ್ ತುಂಡುಗಳು, ಮೇಲೆ ಹಲಗೆಗಳ ಸೇರುವೆಗಳು ಒಂದರ ಮೇಲೊಂದು ಬಾರದಂತೆ ಹೊಡೆದ ಎರಡು ಪದರ ಪ್ಲೈವುಡ್, ಅದರ ಮೇಲೆ ವಿನೈಲ್. ಮರ ಹಿಗ್ಗಲೆಂದು ಗೋಡೆಯ ಸುತ್ತ ಅರ್ಧ ಇಂಚು ಬಿಟ್ಟಿದ್ದೇವೆ. ರಬ್ಬರಿನ ಗಡಸುತನವೂ ಅಂತರವೂ ನನ್ನಲ್ಲೇ ಇರಲಿ.

ನೆಲ ಸಿದ್ಧವಾದ ದಿನ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟವನ್ನು ನಾಲ್ಕಡಿ ದೂರದಲ್ಲಿಟ್ಟು ಗ್ರಾಂ ಜೆತೆ (ಕಾಲುಗಳನ್ನು ಹಿಂದೆ ಮುಂದೆ ಚಾಚಿ ಹಾರುವ ದೊಡ್ಡ ಜಿಗಿತ) ಹಾರಿದೆ. ಹಿಂದಿನ ನೆಲದಲ್ಲಿ ಅರ್ಧ ಲೋಟ ಚೆಲ್ಲಿತ್ತು. ಇಲ್ಲಿ ನೀರಿನ ಮೇಲೆ ಅಲೆಯೆದ್ದು ನಿಂತಿತು, ಒಂದು ಹನಿಯೂ ಹೊರಬೀಳಲಿಲ್ಲ. ಬಡಗಿ ತಾವೂ ಎರಡು ಸಲ ಜಿಗಿದು ನೋಡಿದರು. ಇಪ್ಪತ್ತಕ್ಕೆ ಮೂವತ್ತಡಿಗೆ ಒಟ್ಟು ಮೂರು ಲಕ್ಷದ ಹತ್ತಿರ ತಗುಲಿತು. ಬೆಂಗಳೂರಿನಲ್ಲಿ ಏಳೆಂಟು ಲಕ್ಷ ಕೇಳಿದ್ದರು.

ಇದೇ ಹುರುಪಿನಲ್ಲಿ ಶೂಗಳ ಮೇಲೂ ಪ್ರಯೋಗ ಮಾಡಿದೆ. ಅಂಟಿನಿಂದ ಗಟ್ಟಿಯಾದ ಅವುಗಳ ಮುಂತುದಿ ಬೆವರಿಗೂ ತೇವಕ್ಕೂ ಬೇಗ ಮೆತ್ತಗಾಗುತ್ತದೆ, ಜೋಡಿಗೆ ಏಳೆಂಟು ಸಾವಿರ. ಬಡಗಿಗಳು ಪಾಲಿಶ್‌ಗೆ ಬಳಸುವ ಅರಗಿನ ದ್ರಾವಣವನ್ನು ಒಳಗೆ ತೆಳುವಾಗಿ ಎರಡು ಸಲ ಬಳಿದು, ಬಲ್ಬ್ ಉರಿಯುವ ಮರದ ಪೆಟ್ಟಿಗೆಯಲ್ಲಿ ಒಂದು ದಿನ ಒಣಗಿಸುತ್ತೇನೆ. ಮೂರು ಜೋಡಿಗಳನ್ನು ಸರದಿಯಲ್ಲಿ ಹಾಕಿಕೊಂಡರೆ ಮಳೆಗಾಲದಲ್ಲೂ ಪ್ರತಿ ಜೋಡಿ ಹೆಚ್ಚುಕಡಿಮೆ ಎರಡು ಪಟ್ಟು ಬಾಳುತ್ತದೆ.