ಜಾಯಿನ್ ಕ್ವೆರಿ ಕೈಕೊಟ್ಟಿತೇ? ಎರರ್ ಹಿಡಿಯುವುದು ಹೀಗೆ

ಒಂದೇ ಟೇಬಲ್‌ನಿಂದ ಮಾಹಿತಿ ತೆಗೆಯುವಾಗ ಕ್ವೆರಿ, ಅಂದರೆ ಡೇಟಾಬೇಸ್‌ಗೆ ನಾವು ಎಸ್‌ಕ್ಯುಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆ, ಅಷ್ಟೇನೂ ತಂಟೆ ಮಾಡುವುದಿಲ್ಲ. ಜಾಯಿನ್ ಬರೆದು ಎರಡನೇ ಟೇಬಲ್ ಸೇರಿಸಿದ ಕೂಡಲೇ ತಕರಾರು ಶುರು. ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯುಎಲ್ ಆದರೆ 1064 ಎಂಬ ನಂಬರು, ಅದರ ಹಿಂದೆ ಎರಡು ಸಾಲು ಇಂಗ್ಲಿಷ್. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಅಲ್ಲೊಂದು ಕಾಮಾ ತೆಗೆದು, ಇಲ್ಲೊಂದು ಬ್ರ್ಯಾಕೆಟ್ ಹಾಕಿ, ಮತ್ತೆ ರನ್ ಮಾಡಿ ನೋಡುತ್ತಾರೆ. ಸುಮ್ನೆ ಟೈಮ್ ವೇಸ್ಟ್. ತಪ್ಪು ಎಲ್ಲಿದೆ ಎಂದು ಆ ಎರಡು ಸಾಲೇ ಹೇಳುತ್ತಿರುತ್ತವೆ.

ಉದಾಹರಣೆಗೆ ಒಂದು ಪಿಯು ಕಾಲೇಜಿನ ಡೇಟಾಬೇಸ್ ಇಟ್ಟುಕೊಳ್ಳೋಣ. 'ಸ್ಟೂಡೆಂಟ್ಸ್' ಟೇಬಲ್‌ನಲ್ಲಿ ಐಡಿ, ಹೆಸರು, ಸೆಕ್ಷನ್. 'ಮಾರ್ಕ್ಸ್' ಟೇಬಲ್‌ನಲ್ಲಿ ಯಾವ ವಿದ್ಯಾರ್ಥಿ, ಯಾವ ವಿಷಯ, ಎಷ್ಟು ಅಂಕ. ಓದಲು ಸುಲಭವಾಗಲಿ ಎಂದು ಇಲ್ಲಿ ಕ್ವೆರಿಯನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಬೇಕು. 'ಎಸ್', 'ಎಂ' ಎಂಬುವು ಆ ಎರಡು ಟೇಬಲ್‌ಗಳಿಗೆ ಕೊಟ್ಟ ಅಡ್ಡಹೆಸರು, ಅಂದರೆ ಅಲಿಯಾಸ್. ಸರಿಯಾದ ಕ್ವೆರಿ ಹೀಗಿರುತ್ತದೆ:

ಸೆಲೆಕ್ಟ್ ಎಸ್.ನೇಮ್, ಎಂ.ಸ್ಕೋರ್
ಫ್ರಮ್ ಸ್ಟೂಡೆಂಟ್ಸ್ ಎಸ್
ಜಾಯಿನ್ ಮಾರ್ಕ್ಸ್ ಎಂ ಆನ್ ಎಸ್.ಐಡಿ = ಎಂ.ಸ್ಟೂಡೆಂಟ್_ಐಡಿ
ವೇರ್ ಎಸ್.ಸೆಕ್ಷನ್ = 'ಎ'

ಮೊದಲು 'ನಿಯರ್' ಹುಡುಕಿ

ಮೈಎಸ್‌ಕ್ಯುಎಲ್‌ನ 1064 ಸಂದೇಶದಲ್ಲಿ 'ನಿಯರ್' ಎಂಬ ಪದ ಇರುತ್ತದೆ. ಅದರ ಮುಂದೆ ನಿಮ್ಮದೇ ಕ್ವೆರಿಯ ಒಂದು ತುಂಡು. ಡೇಟಾಬೇಸ್ ಕ್ವೆರಿಯನ್ನು ಎಡದಿಂದ ಓದುತ್ತಾ ಬಂದು, ಇನ್ನು ಅರ್ಥವಾಗುವುದಿಲ್ಲ ಎಂದು ನಿಂತ ಜಾಗ ಅದು. ಆದರೆ ತಪ್ಪು ಇರುವುದು ಸಾಮಾನ್ಯವಾಗಿ ಅಲ್ಲಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ. 'ನಿಯರ್' ಪಕ್ಕ 'ಫ್ರಮ್ ಸ್ಟೂಡೆಂಟ್ಸ್' ಎಂದು ಬಂದಿದೆ ಅನ್ನಿ. ಫ್ರಮ್‌ನಲ್ಲಿ ಏನೂ ದೋಷವಿಲ್ಲ. ಅದರ ಮುಂಚಿನ ಕೊನೆಯ ಕಾಲಂ ಆದ ಮೇಲೆ ಒಂದು ಕಾಮಾ ಹೆಚ್ಚಿಗೆ ಉಳಿದುಬಿಟ್ಟಿದೆ.

'ನಿಯರ್' ಮುಂದೆ ಖಾಲಿ ಕೋಟ್ ಮಾತ್ರ ಇದ್ದರೆ ಕ್ವೆರಿ ಅರ್ಧಕ್ಕೇ ಮುಗಿದಿದೆ ಎಂದರ್ಥ. ತೆರೆದ ಬ್ರ್ಯಾಕೆಟ್ ಮುಚ್ಚಿದ್ದೀರಾ ನೋಡಿ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರು ಅದೃಷ್ಟವಂತರು. ಅದು ತಪ್ಪಿದ ಸಾಲನ್ನೇ ತೋರಿಸಿ, ಅದರ ಕೆಳಗೆ ಬಾಣದ ತುದಿಯಂಥ ಗುರುತನ್ನೂ ಇಡುತ್ತದೆ.

ಪದಗಳ ಸಾಲು ತಪ್ಪಿದೆಯೇ?

ತುಂಬಾ ಕಡೆ ಕಾಣುವ ತಪ್ಪು, ವೇರ್ ಮೊದಲು ಬರೆದು ಜಾಯಿನ್ ಆಮೇಲೆ ಬರೆಯುವುದು. ಹಳೆಯ ಕ್ವೆರಿ ಇರುತ್ತದೆ, ಅದರ ಕೊನೆಗೇ ಜಾಯಿನ್ ಅಂಟಿಸುತ್ತೇವೆ, ಅಲ್ವಾ? ಆಗ 'ನಿಯರ್ ಜಾಯಿನ್ ಮಾರ್ಕ್ಸ್ ಎಂ' ಎಂದು ಬರುತ್ತದೆ. ಫ್ರಮ್, ಆಮೇಲೆ ಎಲ್ಲ ಜಾಯಿನ್‌ಗಳು, ಆಮೇಲೆ ವೇರ್, ಗ್ರೂಪ್ ಬೈ, ಕೊನೆಗೆ ಆರ್ಡರ್ ಬೈ. ಈ ಸಾಲು ಬದಲಾಗುವಂತಿಲ್ಲ.

ಲೆಫ್ಟ್ ಜಾಯಿನ್ (ಎಡಗಡೆಯ ಟೇಬಲ್‌ನ ಎಲ್ಲ ಸಾಲನ್ನೂ ಉಳಿಸಿಕೊಳ್ಳುವ ಜಾಯಿನ್) ಬರೆದು ಆನ್ ಮರೆತರೂ 1064 ಬರುತ್ತದೆ. ಆಗ 'ನಿಯರ್ ವೇರ್' ಎಂದಿರುತ್ತದೆ. ಮೈಕ್ರೋಸಾಫ್ಟ್ ಆಕ್ಸೆಸ್‌ನದ್ದು ಬೇರೆಯೇ ರೀತಿ. ಅಲ್ಲಿ ಮೂರು ಟೇಬಲ್ ಸೇರಿಸುವುದಾದರೆ ಮೊದಲ ಜಾಯಿನ್ ಅನ್ನು ಬ್ರ್ಯಾಕೆಟ್ ಒಳಗೆ ಹಾಕಲೇಬೇಕು.

ಕೋಡ್ ಒಳಗಿನ ಕ್ವೆರಿಯನ್ನು ಪ್ರಿಂಟ್ ಮಾಡಿ

ಪಿಎಚ್‌ಪಿ, ಪೈಥಾನ್, ಜಾವಾ ಯಾವುದೇ ಇರಲಿ, ಕ್ವೆರಿಯನ್ನು ತುಂಡು ತುಂಡಾಗಿ ಜೋಡಿಸಿದ್ದರೆ ಕೋಡ್ ನೋಡಿ ತಪ್ಪು ಹಿಡಿಯುವುದು ಕಷ್ಟ. ಒಂದು ತುಂಡು 'ಸ್ಟೂಡೆಂಟ್ಸ್ ಎಸ್' ಎಂದು ಮುಗಿಯುತ್ತದೆ. ಮುಂದಿನದು 'ಜಾಯಿನ್' ಎಂದು ಶುರುವಾಗುತ್ತದೆ. ನಡುವೆ ಸ್ಪೇಸ್ ಇಲ್ಲ. ಎರಡೂ ಅಂಟಿಕೊಂಡು 'ಎಸ್‌ಜಾಯಿನ್' ಆಗುತ್ತದೆ. ಡೇಟಾಬೇಸ್ ಪಾಪ, ಅದನ್ನೇ ಟೇಬಲ್‌ನ ಅಡ್ಡಹೆಸರು ಎಂದುಕೊಂಡು ಮುಂದೆ ಹೋಗಿ, 'ಮಾರ್ಕ್ಸ್' ಹತ್ತಿರ ಎಡವುತ್ತದೆ. ನೀವು ಮಾರ್ಕ್ಸ್ ಟೇಬಲ್‌ನಲ್ಲಿ ಏನಾಗಿದೆ ಎಂದು ಹುಡುಕುತ್ತಾ ಕೂರುತ್ತೀರಿ. ಪೂರ್ತಿ ಕ್ವೆರಿಯನ್ನು ಪ್ರಿಂಟ್ ಮಾಡಿಸಿದರೆ ಒಂದೇ ನೋಟಕ್ಕೆ ಸಿಗುತ್ತದೆ.

ಕೆಲವೊಮ್ಮೆ ಕ್ವೆರಿ ನೂರು ಸಲ ಓಡುತ್ತದೆ, ನೂರೊಂದನೇ ಸಲ ಬೀಳುತ್ತದೆ. ಮಂಗಳೂರು ಕಡೆಯ ಕಾಲೇಜಿನಲ್ಲಾದರೆ ಕಾರಣ ಊಹಿಸುವುದು ಸುಲಭ: ಇಂಗ್ಲಿಷ್‌ನಲ್ಲಿ ಡಿಸೋಜ ಎಂದು ಬರೆಯುವಾಗ 'ಡಿ' ಆದ ಮೇಲೆ ಮೇಲ್ಗಡೆ ಒಂದು ಪುಟ್ಟ ಗೆರೆ (') ಬರುತ್ತದೆ. ಡೇಟಾಬೇಸ್‌ಗೆ ಅದು ಸಿಂಗಲ್ ಕೋಟ್. ಹೆಸರು ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತದೆ, ಉಳಿದ 'ಸೋಜ' ಏನೆಂದು ತಿಳಿಯದೆ 1064 ಕೊಡುತ್ತದೆ. ಕೋಟ್ ಎರಡು ಸಲ ಹಾಕಿ ತೇಪೆ ಹಚ್ಚಬಹುದು. ಆದರೆ ಹೆಸರನ್ನು ಕ್ವೆರಿಗೆ ಅಂಟಿಸುವುದನ್ನೇ ಬಿಟ್ಟು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಕ್ವೆರಿಯನ್ನೂ ಹೆಸರನ್ನೂ ಬೇರೆ ಬೇರೆಯಾಗಿ ಕಳಿಸುವ ವಿಧಾನ) ಬಳಸುವುದೇ ಸರಿ. ಇದೇ ತೂತಿನಿಂದ ಎಸ್‌ಕ್ಯುಎಲ್ ಇಂಜೆಕ್ಷನ್ ಮಾಡುವವರೂ, ಅಂದರೆ ಹೆಸರಿನ ಜಾಗದಲ್ಲಿ ತಮ್ಮ ಕ್ವೆರಿ ತೂರಿಸುವವರೂ, ಒಳಗೆ ಬರುತ್ತಾರೆ.

ನಂಬರು 1064 ಅಲ್ಲದಿದ್ದರೆ

1052 ಬಂದರೆ ಒಂದೇ ಹೆಸರಿನ ಕಾಲಂ ಎರಡೂ ಟೇಬಲ್‌ನಲ್ಲಿದೆ. 'ಐಡಿ' ಅಂದರೆ ಯಾವ ಐಡಿ? ಮುಂದೆ ಅಲಿಯಾಸ್ ಹಾಕಿ, 'ಎಸ್.ಐಡಿ' ಎಂದು ಬರೆಯಿರಿ. 1066 ಬಂದರೆ ಒಂದೇ ಟೇಬಲ್ ಹೆಸರು ಅಥವಾ ಅಲಿಯಾಸ್ ಎರಡು ಸಲ ಬಂದಿದೆ.

1054 ಸ್ವಲ್ಪ ತಲೆ ತಿನ್ನುತ್ತದೆ. ಕಾಲಂ ಕಣ್ಣೆದುರೇ ಇದೆ, ಡೇಟಾಬೇಸ್ ಮಾತ್ರ ಇಲ್ಲ ಎನ್ನುತ್ತದೆ. ಟೇಬಲ್‌ಗೆ 'ಎಸ್' ಎಂದು ಅಲಿಯಾಸ್ ಕೊಟ್ಟ ಮೇಲೆ ಆ ಕ್ವೆರಿಯಲ್ಲಿ 'ಸ್ಟೂಡೆಂಟ್ಸ್.ಐಡಿ' ಎಂದು ಕರೆಯುವಂತಿಲ್ಲ. ಮೊದಲು ನೋಡಬೇಕಾದದ್ದು ಅದು. ಎರಡನೆಯದು, ಫ್ರಮ್‌ನಲ್ಲಿ ಕಾಮಾ ಹಾಕಿ ಎರಡು ಟೇಬಲ್ ಬರೆದು, ಅದರ ಜತೆಗೇ ಜಾಯಿನ್ ಕೂಡ ಬೆರೆಸಿದ್ದೀರಾ ಎಂದು. ಮೈಎಸ್‌ಕ್ಯುಎಲ್ 5.0.12ರಿಂದ ಈಚೆಗೆ ಕಾಮಾಗಿಂತ ಜಾಯಿನ್‌ಗೆ ಮೊದಲ ಮಣೆ. ಹಾಗಾಗಿ ಕಾಮಾದ ಎಡಕ್ಕಿರುವ ಟೇಬಲ್ ಆ ಆನ್‌ಗೆ ಕಾಣಿಸುವುದೇ ಇಲ್ಲ. ಕಾಮಾ ಬಿಡಿ, ಎಲ್ಲ ಕಡೆ ಜಾಯಿನ್ ಬರೆಯಿರಿ.

ಮೂರನೆಯದು ತಮಾಷೆಯಾಗಿದೆ. ಮೈಎಸ್‌ಕ್ಯುಎಲ್‌ನಲ್ಲಿ ಫುಲ್ ಜಾಯಿನ್ (ಎರಡೂ ಟೇಬಲ್‌ಗಳ ಎಲ್ಲ ಸಾಲನ್ನೂ ತರುವ ಜಾಯಿನ್) ಇಲ್ಲ. ಆದರೂ 'ಸ್ಟೂಡೆಂಟ್ಸ್ ಫುಲ್ ಜಾಯಿನ್ ಮಾರ್ಕ್ಸ್' ಎಂದರೆ ಅದು 'ಫುಲ್' ಅನ್ನೇ ಸ್ಟೂಡೆಂಟ್ಸ್‌ನ ಅಲಿಯಾಸ್ ಮಾಡಿಕೊಳ್ಳುತ್ತದೆ! ಆಮೇಲೆ 'ಸ್ಟೂಡೆಂಟ್ಸ್.ಐಡಿ' ಸಿಗಲಿಲ್ಲ ಎಂದು 1054 ಎಸೆಯುತ್ತದೆ. ಲೆಫ್ಟ್ ಜಾಯಿನ್, ರೈಟ್ ಜಾಯಿನ್ ಎರಡನ್ನೂ ಬರೆದು ಯೂನಿಯನ್‌ನಿಂದ ಒಟ್ಟುಗೂಡಿಸುವುದೇ ಇದಕ್ಕೆ ದಾರಿ.

ಹಳೆಯ ಕ್ವೆರಿ ಹೊಸ ಸರ್ವರ್‌ನಲ್ಲಿ ಬಿದ್ದರೆ

ಮೈಎಸ್‌ಕ್ಯುಎಲ್ 5.7ರಲ್ಲಿ ಸಲೀಸಾಗಿ ಓಡುತ್ತಿದ್ದ ಕ್ವೆರಿ 8.0ಕ್ಕೆ ಬಂದ ಮೇಲೆ ನಿಂತಿದೆಯೇ? ಕಾಲಂ ಹೆಸರು ನೋಡಿ. 'ರ್‍ಯಾಂಕ್', 'ಗ್ರೂಪ್ಸ್', 'ರೋಸ್' (ROWS) ಇವೆಲ್ಲ 8.0ರಲ್ಲಿ ಕಾಯ್ದಿರಿಸಿದ ಪದಗಳಾದವು. ಅಂಕಪಟ್ಟಿಯ ಡೇಟಾಬೇಸ್‌ನಲ್ಲಿ ರ್‍ಯಾಂಕ್ ಕಾಲಂ ಇಲ್ಲದೇ ಇರುತ್ತದೆಯೇ! ಬ್ಯಾಕ್‌ಟಿಕ್ (`) ಒಳಗೆ ಹಾಕಿ, ಇಲ್ಲವೇ 'ಎಂ.ರ್‍ಯಾಂಕ್' ಎಂದು ಬರೆಯಿರಿ. ಚುಕ್ಕಿಯ ಮುಂದೆ ಬಂದ ಪದವನ್ನು ಅದು ಹೆಸರು ಎಂದೇ ಓದಿಕೊಳ್ಳುತ್ತದೆ.

ಆದರೂ ಸಿಗದಿದ್ದರೆ ಬಿಚ್ಚಿ ಕಟ್ಟಿ

ಐದಾರು ಜಾಯಿನ್ ಇರುವ ಕ್ವೆರಿಯಾದರೆ 'ಸೆಲೆಕ್ಟ್ *', ಫ್ರಮ್ ಮತ್ತು ಮೊದಲ ಟೇಬಲ್ ಮಾತ್ರ ಇಟ್ಟುಕೊಂಡು ರನ್ ಮಾಡಿ. ಓಡಿದರೆ ಒಂದು ಜಾಯಿನ್ ಸೇರಿಸಿ, ಮತ್ತೆ ರನ್ ಮಾಡಿ. ಎಲ್ಲಿ ಬೀಳುತ್ತದೋ ಆಗಷ್ಟೇ ಸೇರಿಸಿದ ಸಾಲಿನಲ್ಲೇ ತಪ್ಪಿದೆ.

ಹೀಗೆ ಕಟ್ಟುವಾಗ ಪ್ರತಿ ಸಲವೂ ಎಷ್ಟು ಸಾಲು ಬಂತು ಎಂದು ಕೌಂಟ್ ಹಾಕಿ ನೋಡಿ. ಮೈಎಸ್‌ಕ್ಯುಎಲ್‌ನಲ್ಲಿ ಬರೀ ಜಾಯಿನ್ ಬರೆದು ಆನ್ ಬಿಟ್ಟರೆ ಎರರ್ ಬರುವುದಿಲ್ಲ. ಎಲ್ಲರನ್ನೂ ಎಲ್ಲದರ ಜತೆ ಜೋಡಿಸಿಬಿಡುತ್ತದೆ. 400 ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ 6 ವಿಷಯ ಎಂದರೆ 2,400 ಸಾಲು ಬರಬೇಕು. 9,60,000 ಬಂದಿದ್ದರೆ ಆನ್ ಎಲ್ಲಿ ಬಿಟ್ಟುಹೋಗಿದೆ ಎಂದು ನೋಡಿ.